ಸಿಂಪ್ಯೂಟರಿನ ಪರವಾನಗಿ: ಒಂದು ಟಿಪ್ಪಣಿ

ಸರ್ವಮಾನ್ಯವಾಗಿ ಬಿಟ್ಟ ಭೂಮಿಯನ್ನೂ ಸಿದ್ಧಾಯ ತೆರುವ ಭೂಮಿಯನ್ನೂ ನಮ್ಮ ಶಾಸನಗಳು ಬೇರೆಬೇರೆಯಾಗಿ ಹೇಳುತ್ತವೆ. ಒಂದೇ ಕೃತಿಯನ್ನು ಈ ಎರಡೂ ಬಗೆಯಲ್ಲಿ ಕೊಡುವ ಪ್ರಯತ್ನವು ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿ, ಅಗ್ಗದ ಕೈಗಣಕವೊಂದನ್ನು 2001ರಲ್ಲಿ ಜನರ ಮುಂದಿಟ್ಟರು. ಅದರ ಯಂತ್ರವಿನ್ಯಾಸವನ್ನು ಯಾರು ಬೇಕಾದರೂ ಅಭ್ಯಸಿಸಬಹುದಿತ್ತು; ತಯಾರಿಸಿ ಮಾರುವವರು ಮಾತ್ರ ಟ್ರಸ್ಟಿಗೆ ಶುಲ್ಕ ತೆತ್ತು, ತಾವು ಮಾಡಿದ ಸುಧಾರಣೆಗಳನ್ನು ಒಂದು ವರ್ಷದ ತರುವಾಯ ಎಲ್ಲರಿಗೂ ತೆರೆದಿಡಬೇಕಿತ್ತು. 2004ರಲ್ಲಿ 'ಅಮಿಡ' ಎಂಬ ಮಾದರಿ ಮಾರುಕಟ್ಟೆಗೆ ಬಂದರೂ, ಬೆಲೆ ಮೊದಲು ಎಣಿಸಿದ್ದಕ್ಕಿಂತ ಏರಿದ್ದರಿಂದ ವ್ಯಾಪಾರ ಕುದುರಲಿಲ್ಲ. ಇದರಿಂದ ಪರವಾನಗಿಯೇ ಸೋತಿತೆನ್ನುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ವಿದ್ಯೆಯನ್ನು ಬಚ್ಚಿಡದೆಯೂ ದುಡಿದವನು ಪ್ರತಿಫಲ ಪಡೆಯಬಹುದೆಂಬ ಈ ಒಡಂಬಡಿಕೆಯು, ದಾನಶಾಸನಗಳಂತೆಯೇ, ಇತಿಹಾಸದ ವಿದ್ಯಾರ್ಥಿಗಳು ಓದಿ ನೋಡಬೇಕಾದ ಆಕರವಾಗಿದೆ.