ಪ್ರಯಾಣಿಕ ವಿಮಾನದ ಪೈಲಟ್ ವೃತ್ತಿ: ಸಂಬಳ, ವಿಶ್ರಾಂತಿ ಮತ್ತು ಬದುಕಿನ ಚರಿತ್ರೆ (ಕರ್ನಾಟಕ)

ಪ್ರಯಾಣಿಕ ವಿಮಾನ ಹಾರಿಸುವವರ ಗಳಿಕೆ, ದುಡಿಮೆಯ ಹೊತ್ತು, ನಿದ್ದೆ, ಸಾಲ ಮತ್ತು ಸಂಸಾರದ ಚರಿತ್ರೆ ಈ ಲೇಖನದ ವಿಷಯ. ಪೈಲಟ್‌ಗೆ ಲಕ್ಷಗಟ್ಟಲೆ ಸಂಬಳ ಎಂಬ ಜನರ ಮಾತು ದೊಡ್ಡ ಕಂಪನಿಯ ಹಿರಿಯ ಕಮಾಂಡರ್‌ಗಳ ಮಟ್ಟಿಗೆ ನಿಜ. ಅದೇ ಕಾಕ್‌ಪಿಟ್‌ನ ಬಲಗಡೆಯ ಸೀಟಿನಲ್ಲಿ ಕೂರುವ ಹೊಸ ಸಹಪೈಲಟ್ ತರಬೇತಿಯ ಸಾಲ ಹೊತ್ತು ಬಂದಿರುತ್ತಾನೆ. ಎಷ್ಟು ಗಂಟೆ ಹಾರಿದನೋ ಅಷ್ಟರ ಮೇಲೆ ಅವನ ಕೈಗೆ ಬರುವ ಹಣ ನಿಂತಿರುತ್ತದೆ. ಕಂಪನಿ ಮುಳುಗಿದರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿಯುವ ಪಾಲು ಇಬ್ಬರದೂ ಹೌದು. ಕರ್ನಾಟಕದಲ್ಲಿ ಈ ಚರಿತ್ರೆ ವಿಶೇಷವಾಗಿ ದಟ್ಟವಾಗಿದೆ. ಅಗ್ಗದ ವಿಮಾನಯಾನ ಹುಟ್ಟಿದ್ದು ಬೆಂಗಳೂರಿನಲ್ಲಿ, ಸಂಬಳ ಕೊಡದೆ ಮುಚ್ಚಿಹೋದ ದೊಡ್ಡ ಕಂಪನಿಯ ಮನೆಯೂ ಬೆಂಗಳೂರೇ, ಪೈಲಟ್‌ನ ನಿದ್ದೆಯ ಪ್ರಶ್ನೆಯನ್ನು ದೇಶದ ಮುಂದಿಟ್ಟ ದುರಂತ ನಡೆದದ್ದು ಮಂಗಳೂರಿನಲ್ಲಿ.

ಎರಡು ಸಂಸ್ಥಾನಗಳ ಆರಂಭ

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಾಗಾಗಿ ಈ ಸೀಮೆಯವರ ಮೊದಲ ವಿಮಾನ ಕಂಪನಿ ಎಂದರೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ನಿಜಾಮರ ರೈಲ್ವೆ ಅದರ ಮುಖ್ಯ ಪಾಲುದಾರ. 1947ರಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದ ಪ್ರೇಮ್ ಮಾಥುರ್ ಅವರನ್ನು ಎಂಟು ಕಂಪನಿಗಳು ಹೆಣ್ಣೆಂಬ ಕಾರಣಕ್ಕೆ ತಿರಸ್ಕರಿಸಿದಾಗ ಕೆಲಸ ಕೊಟ್ಟದ್ದು ಇದೇ ಕಂಪನಿ. ಮೈಸೂರು ಸೀಮೆಯಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿನಲ್ಲಿ ಶುರುವಾಯಿತು. ಆ ದಶಕದ ಕೊನೆಯ ಹೊತ್ತಿಗೆ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ತಲೆಯೆತ್ತಿತು. ಖಾಸಗಿ ಶಾಲೆಗಿಂತ ಕಡಿಮೆ ಶುಲ್ಕದಲ್ಲಿ ಕಲಿಯಬಹುದಾದ ಜಾಗವೊಂದು ರಾಜ್ಯಕ್ಕೆ ದಕ್ಕಿತ್ತು. ಮುಂದೆ ತರಬೇತುದಾರರೂ ಹಾರುವ ಸ್ಥಿತಿಯ ವಿಮಾನಗಳೂ ಸಾಲದೆ ಅದು ಎಷ್ಟೋ ವರ್ಷ ಕುಂಟಿದ್ದು ನಾಡಿನ ಬಡ ಮಕ್ಕಳಿಗಾದ ದೊಡ್ಡ ನಷ್ಟ.

1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆಯಿಂದ ಡೆಕ್ಕನ್ ಏರ್‌ವೇಸ್ ಸೇರಿದಂತೆ ಎಂಟು ಕಂಪನಿಗಳು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿದವು. ಪೈಲಟ್ ಸರ್ಕಾರಿ ನೌಕರನಾದ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಸಂಘ ಕಟ್ಟುವ ಬಲವಿತ್ತು, ನಿವೃತ್ತಿಯ ಭದ್ರತೆಯಿತ್ತು. ರಾತ್ರಿ ದುಡಿಮೆ ಆಗಲೂ ಇತ್ತು. 1949ರಲ್ಲಿ ಆರಂಭವಾದ ರಾತ್ರಿ ಅಂಚೆ ಸೇವೆಯಲ್ಲಿ ದಿಲ್ಲಿ, ಬೊಂಬಾಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಕೂಡಿ, ಅಂಚೆ ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ಮರಳುತ್ತಿದ್ದವು.

1992ರ ಡಿಸೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಮುಷ್ಕರ ಹೂಡಿದಾಗ ಸರ್ಕಾರ ಮಣಿಯದೆ ವಿದೇಶಿ ವಿಮಾನಗಳನ್ನೂ ಸಿಬ್ಬಂದಿಯನ್ನೂ ಬಾಡಿಗೆಗೆ ತಂದಿತು. ಹಾಗೆ ಉಜ್ಬೆಕಿಸ್ತಾನದಿಂದ ಬಂದ ತುಪೊಲೆವ್ ವಿಮಾನವೊಂದು 1993ರ ಜನವರಿ 9ರಂದು ದಿಲ್ಲಿಯ ಮಂಜಿನಲ್ಲಿ ಇಳಿಯುವಾಗ ಮಗುಚಿಬಿತ್ತು. ಒಳಗಿದ್ದವರೆಲ್ಲ ಬದುಕಿಕೊಂಡದ್ದು ಪುಣ್ಯ. ಮರುವರ್ಷ, 1994ರಲ್ಲಿ, ಹಳೆಯ ಕಾಯ್ದೆ ರದ್ದಾಗಿ ಖಾಸಗಿ ಕಂಪನಿಗಳಿಗೆ ಬಾಗಿಲು ಪೂರ್ತಿ ತೆರೆಯಿತು.

ಅಗ್ಗದ ಟಿಕೆಟ್‌ನ ಕಾಲ

2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದರು. ಹುಬ್ಬಳ್ಳಿಯಂಥ ಊರುಗಳಿಗೆ ಎಟಿಆರ್ ವಿಮಾನ ಹಾರಿತು, ಬಸ್ಸು ರೈಲಿನಲ್ಲಿ ಓಡಾಡುತ್ತಿದ್ದವರು ಮೊದಲ ಬಾರಿ ವಿಮಾನ ಹತ್ತಿದರು. 2005ರ ಮೇ 9ರಂದು ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಹಾರಾಟ ಶುರುವಾಯಿತು. ಒಂದೇ ಸಮನೆ ಕಂಪನಿಗಳು ಹುಟ್ಟಿದ್ದರಿಂದ ಪೈಲಟ್‌ಗಳ ಬರ ಬಿತ್ತು, ಕಮಾಂಡರ್‌ಗಳ ಸಂಬಳ ಜಿಗಿಯಿತು, ವಿದೇಶಿ ಪೈಲಟ್‌ಗಳು ಬಂದರು. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹಾರದಂತೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2005ರಲ್ಲಿ ಆರು ತಿಂಗಳ ಮುಂಗಡ ನೋಟಿಸ್ ಕಡ್ಡಾಯ ಮಾಡಿತು. 2017ರಲ್ಲಿ ಕಮಾಂಡರ್‌ಗಳಿಗೆ ಅದು ಒಂದು ವರ್ಷವಾಯಿತು. ಒಂದು ವರ್ಷ ಮೊದಲೇ ಹೇಳದೆ ಕೆಲಸ ಬಿಡುವಂತಿಲ್ಲ ಎಂಬ ಕಟ್ಟು ಬೇರೆ ಯಾವ ವೃತ್ತಿಯವರ ಮೇಲೆ ಇದೆ? ಇದು ಪ್ರಯಾಣಿಕರ ಅನುಕೂಲಕ್ಕೆಂದು ಸರ್ಕಾರ ಹೇಳುತ್ತದೆ. ಆದರೆ ಕಂಪನಿ ಸಂಬಳ ತಡೆಹಿಡಿದಾಗಲೂ ಪೈಲಟ್ ಒಡನೆ ಬೇರೆಡೆ ಹೋಗಲಾರ ಎಂಬುದು ಇದರ ಇನ್ನೊಂದು ಮುಖ.

ಈ ಮುಖ ಕಂಡದ್ದು ಕಿಂಗ್‌ಫಿಷರ್‌ನಲ್ಲಿ. 2008ರಲ್ಲಿ ಏರ್ ಡೆಕ್ಕನ್ ಅನ್ನು ತನ್ನೊಳಗೆ ಸೇರಿಸಿಕೊಂಡ ಕಂಪನಿ ಸಾಲದಲ್ಲಿ ಹೂತುಹೋಯಿತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಸಂಬಳದಿಂದ ಕಡಿದುಕೊಂಡ ಆದಾಯ ತೆರಿಗೆಯನ್ನು ಕಂಪನಿ ಸರ್ಕಾರಕ್ಕೆ ಕಟ್ಟಿರಲಿಲ್ಲವಾದ್ದರಿಂದ ನೌಕರರಿಗೇ ತೆರಿಗೆ ಇಲಾಖೆಯ ನೋಟಿಸ್ ಬಂದವು. ಆ ಸೆಪ್ಟೆಂಬರ್ ಕೊನೆಯಲ್ಲಿ ಎಂಜಿನಿಯರ್‌ಗಳೂ ಪೈಲಟ್‌ಗಳೂ ಕೆಲಸ ನಿಲ್ಲಿಸಿದರು. ಅಕ್ಟೋಬರ್ ಮೊದಲ ವಾರ ದಿಲ್ಲಿಯಲ್ಲಿ ನೌಕರರೊಬ್ಬರ ಪತ್ನಿ ಹಣದ ಬವಣೆ ತಾಳಲಾರದೆ ಪ್ರಾಣ ಕಳೆದುಕೊಂಡರು. ಅಕ್ಟೋಬರ್ 20ರಂದು ಡಿಜಿಸಿಎ ಹಾರಾಟದ ಪರವಾನಗಿ ಅಮಾನತು ಮಾಡಿತು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶಿಸಿದಾಗ ಬಾಕಿ ಸಂಬಳದವರು ಬ್ಯಾಂಕುಗಳ ಜೊತೆ ಹಣ ಬರಬೇಕಾದವರ ಸರತಿಯಲ್ಲಿ ನಿಲ್ಲಬೇಕಾಯಿತು. ಬ್ಯಾಂಕಿಗೆ ಅಡಮಾನ ಪತ್ರಗಳಿದ್ದವು. ಪೈಲಟ್‌ನ ಕೈಯಲ್ಲಿದ್ದದ್ದು ಹಾರಾಟದ ಲಾಗ್‌ಬುಕ್ ಮಾತ್ರ.

ಇದೇ ಕತೆ ಮತ್ತೆ ಮತ್ತೆ ನಡೆಯಿತು. ಜೆಟ್ ಏರ್‌ವೇಸ್ ಪೈಲಟ್‌ಗಳು ಹಲವು ತಿಂಗಳು ಪೂರ್ತಿ ಸಂಬಳ ಕಾಣದೆ ದುಡಿದ ಮೇಲೆ ಕಂಪನಿ 2019ರ ಏಪ್ರಿಲ್ 17ರಂದು ನಿಂತಿತು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದರ ಆಸ್ತಿ ಮಾರಾಟಕ್ಕೆ ಆದೇಶಿಸಿತು. ಕಲ್ಯಾಣ ಕರ್ನಾಟಕದ ಬೀದರಿಗೆ ವಿಮಾನ ತಂದಿದ್ದ ಟ್ರೂಜೆಟ್ 2022ರ ಆರಂಭದಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು.

ಗಂಟೆಯ ಲೆಕ್ಕ

ಖಾಸಗಿ ಕಂಪನಿಯ ಸಂಬಳ ಪತ್ರದಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದಿಷ್ಟು ಗಂಟೆಗೆ ಖಾತರಿ ಮೊತ್ತ, ಅದರ ಮೇಲೆ ಹಾರಿದ ಪ್ರತಿ ಗಂಟೆಗೆ ಭತ್ಯೆ. ಗಂಟೆ ಎಣಿಸುವುದು ವಿಮಾನ ನಿಲುಗಡೆಯ ಜಾಗದಿಂದ ಅಲುಗಿದಾಗಿನಿಂದ ಮತ್ತೊಂದು ಊರಲ್ಲಿ ಬಂದು ನಿಲ್ಲುವವರೆಗೆ. ದೇವನಹಳ್ಳಿಯ ಬೆಳಗಿನ ಹಾರಾಟವೊಂದನ್ನು ತೆಗೆದುಕೊಳ್ಳಿ. ಆರು ಗಂಟೆಗೆ ವಿಮಾನ ಎಂದರೆ ಬೆಂಗಳೂರಿನ ದಕ್ಷಿಣ ಭಾಗದ ಮನೆ ಮುಂದೆ ಮೂರು ಗಂಟೆಗೆಲ್ಲ ಕಂಪನಿಯ ಕಾರು. ಎರಡೂಕಾಲಿಗೆ ಏಳಬೇಕು, ಹಾಗಾಗಿ ಹಿಂದಿನ ಸಂಜೆ ಮಕ್ಕಳು ಆಡುವ ಹೊತ್ತಿಗೆ ಮಲಗಬೇಕು. ವಿಮಾನ ನಿಲ್ದಾಣದಲ್ಲಿ ಮೊದಲು ಮದ್ಯ ಪರೀಕ್ಷೆಯ ಯಂತ್ರಕ್ಕೆ ಊದಬೇಕು, ಆಮೇಲೆ ಹವಾಮಾನ, ಇಂಧನ, ದಾರಿಯ ಕಾಗದಪತ್ರ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ದಟ್ಟ ಮಂಜು ಬೀಳುತ್ತದೆ. ಪ್ರಯಾಣಿಕರು ಹತ್ತಿ ಕೂತಿರುತ್ತಾರೆ, ಬಾಗಿಲು ಮುಚ್ಚಿರುತ್ತದೆ, ರನ್‌ವೇ ಕಾಣುವುದಿಲ್ಲ. ಹಾಗೆ ಎರಡು ಗಂಟೆ ಪೈಲಟ್ ಸೀಟಿನಲ್ಲೇ ಎಚ್ಚರವಾಗಿ ಕೂತಿದ್ದರೂ ವಿಮಾನ ಅಲುಗಿಲ್ಲವಾದ್ದರಿಂದ ಹಾರಾಟದ ಗಂಟೆ ಒಂದೂ ಏರುವುದಿಲ್ಲ. ದುಡಿಮೆಯ ಹೊತ್ತು ಓಡುತ್ತಿರುತ್ತದೆ, ಸಂಬಳದ ಗಡಿಯಾರ ನಿಂತಿರುತ್ತದೆ.

ಈ ಪದ್ಧತಿಯ ಪೆಟ್ಟು ಬಿದ್ದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ 25ರಿಂದ ಮೇ 25ರವರೆಗೆ ದೇಶದೊಳಗಿನ ಹಾರಾಟವೇ ನಿಂತಾಗ ಗಂಟೆಯ ಭತ್ಯೆ ಸೊನ್ನೆಯಾಯಿತು. ಸಂಬಳ ಕಡಿತ, ಸಂಬಳವಿಲ್ಲದ ರಜೆ ಸಾಮಾನ್ಯವಾದವು. ಪ್ರಯಾಣಿಕರು ಮರಳಿದಷ್ಟು ಬೇಗ ಸಂಬಳ ಮರಳಲಿಲ್ಲ. 2024ರ ಏಪ್ರಿಲಿನಲ್ಲಿ ಏರ್ ಇಂಡಿಯಾ ಜೊತೆಗಿನ ವಿಲೀನದ ಮುನ್ನ ವಿಸ್ತಾರಾ ಕಂಪನಿ ಖಾತರಿಯನ್ನು 70 ಗಂಟೆಯಿಂದ 40 ಗಂಟೆಗೆ ಇಳಿಸುವ ಹೊಸ ಒಪ್ಪಂದ ತಂದಿತು. ಹೆಚ್ಚು ನೊಂದವರು ಸಹಪೈಲಟ್‌ಗಳು. ಅನೇಕರು ಅನಾರೋಗ್ಯದ ರಜೆ ಹಾಕಿದರು, ಹಾರಾಟಗಳು ಸಾಲುಸಾಲಾಗಿ ರದ್ದಾದವು.

ಮಂಗಳೂರು, 22 ಮೇ 2010

ಸಂಬಳಕ್ಕಿಂತಲೂ ಗಂಭೀರವಾದದ್ದು ವಿಶ್ರಾಂತಿಯ ಪ್ರಶ್ನೆ, ಏಕೆಂದರೆ ಅದರಲ್ಲಿ ಹಿಂದೆ ಕೂತವರ ಜೀವವಿದೆ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬೆಳಗ್ಗೆ ಆರು ಗಂಟೆ ದಾಟಿದ ಹೊತ್ತಿನಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮೀರಿ ಕಣಿವೆಗೆ ಉರುಳಿ ಹೊತ್ತಿಕೊಂಡಿತು. 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಸತ್ತವರಲ್ಲಿ ಬಹುಪಾಲು ಕೊಲ್ಲಿಯಲ್ಲಿ ದುಡಿದು ಊರಿಗೆ ಬರುತ್ತಿದ್ದ ಕರಾವಳಿ ಮತ್ತು ಕಾಸರಗೋಡಿನ ಜನ, ಅವರ ಮನೆಯವರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ, ಕಾಕ್‌ಪಿಟ್‌ನ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಕಮಾಂಡರ್ ನಿದ್ದೆಯಲ್ಲಿದ್ದರೆಂದು ಕಂಡುಕೊಂಡಿತು. ಎದ್ದ ಮೇಲೆ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದೆ ಎಂಬುದು ಅವರ ಮಂಪರಿನ ಬುದ್ಧಿಗೆ ಸರಿಯಾಗಿ ಇಳಿಯಲಿಲ್ಲ. ಇಳಿಯುವುದು ಬೇಡ, ಮತ್ತೆ ಏರಿಸೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ದೇಹ ನಿದ್ದೆಗೆ ಅತಿ ಹೆಚ್ಚು ಜಗ್ಗುವ ಬೆಳಗಿನ ಜಾವವೇ ಹಾರಾಟ ನಡೆದಿತ್ತೆಂಬುದನ್ನೂ ವರದಿ ಗುರುತಿಸಿತು.

ವಿಶ್ರಾಂತಿ ನಿಯಮದ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡುವ ನಿಯಮವನ್ನು ಡಿಜಿಸಿಎ 2007ರ ಜುಲೈಯಲ್ಲೇ ಹೊರಡಿಸಿತ್ತು. ಪೈಲಟ್‌ಗಳು ಸಾಲುವುದಿಲ್ಲ ಎಂದು ಕಂಪನಿಗಳು ಆಕ್ಷೇಪಿಸಿದವು. 2008ರ ಮೇ ತಿಂಗಳಲ್ಲಿ ಅದನ್ನು ತಡೆಹಿಡಿದು 1992ರ ಹಳೆಯ ನಿಯಮವನ್ನೇ ಮುಂದುವರಿಸಲಾಯಿತು. ಪೈಲಟ್ ಸಂಘಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 2011ರಲ್ಲಿ ಸೋತವು. ಮಂಗಳೂರಿನ ದುರಂತದ ದಿನ ಜಾರಿಯಲ್ಲಿದ್ದದ್ದು 1992ರ ನಿಯಮ. ಹೊಸ ನಿಯಮವಿದ್ದಿದ್ದರೆ ಆ ವಿಮಾನ ಉಳಿಯುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಕಂಪನಿಗಳಿಗೆ ಕಷ್ಟವೆಂದು ವಿಶ್ರಾಂತಿಯನ್ನು ಮುಂದೂಡಿದ್ದು ತಪ್ಪೆಂದು ಹೇಳಲು ಹಿಂಜರಿಯಬೇಕಿಲ್ಲ. 2011ರ ಆಗಸ್ಟಿನಲ್ಲಿ ಕೊನೆಗೂ ಹೊಸ ನಿಯಮ ಬಂತು.

ಅಮೆರಿಕದಲ್ಲಿ ಇದೇ ಕಾಲದ ದುರಂತವೊಂದು ಸಂಬಳವನ್ನೂ ದಣಿವನ್ನೂ ಒಟ್ಟಿಗೆ ತೋರಿಸಿತು. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಅದರ 24 ವರ್ಷದ ಸಹಪೈಲಟ್ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಗಳಿಸುತ್ತಿದ್ದರು. ಕೆಲಸದ ಊರಲ್ಲಿ ಮನೆ ಮಾಡಲಾಗದೆ ಸಿಯಾಟಲ್‌ನ ತಂದೆತಾಯಿಯ ಮನೆಯಿಂದ ರಾತ್ರಿಯಿಡೀ ಸರಕು ವಿಮಾನದಲ್ಲಿ ದೇಶ ದಾಟಿ ಕೆಲಸಕ್ಕೆ ಬಂದಿದ್ದರು. ಅದೇ ತಿಂಗಳು, ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿ ಎಲ್ಲರನ್ನೂ ಉಳಿಸಿದ್ದ ಕ್ಯಾಪ್ಟನ್ ಸಲನ್‌ಬರ್ಗರ್ ಅಮೆರಿಕದ ಸಂಸತ್ತಿನ ಮುಂದೆ ತಮ್ಮ ಸಂಬಳ ಶೇ 40ರಷ್ಟು ಕಡಿತವಾಗಿ, ಪಿಂಚಣಿಯೂ ಹೋಗಿದೆ ಎಂದರು. ಅಲ್ಲಿ ಕಾನೂನು ಬದಲಾಯಿತು. ಸಣ್ಣ ಕಂಪನಿಗಳ ಸಹಪೈಲಟ್‌ಗಳ ಸಂಬಳ ಮುಂದಿನ ವರ್ಷಗಳಲ್ಲಿ ಬಹಳ ಏರಿತು.

ರಂಗಂಪೇಟೆಯಿಂದ ಕಾಕ್‌ಪಿಟ್‌ಗೆ

ಯಾದಗಿರಿ ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ರಂಗಂಪೇಟೆಗೆ ಹತ್ತಿರದ್ದು ಸುಮಾರು ನೂರು ಕಿ.ಮೀ. ದೂರದ ಕಲಬುರಗಿ. 2019ರ ನವೆಂಬರ್ 22ರಂದು ಅಲ್ಲಿ ಹಾರಾಟ ಆರಂಭವಾಯಿತು, ಆಮೇಲೆ ಪೈಲಟ್ ತರಬೇತಿ ಸಂಸ್ಥೆಗಳೂ ಬಂದವು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ಈ ಸೀಮೆಯ ಹುಡುಗ ಹುಡುಗಿಯರಿಗೆ ಮನೆಗೆ ಹತ್ತಿರದಲ್ಲೇ ಹಾರಲು ಕಲಿಯುವ ಅವಕಾಶ ಸಿಕ್ಕಿತು, ಹಿಂದಿನ ತಲೆಮಾರಿಗೆ ಅದು ಇರಲಿಲ್ಲ.

ದಾರಿ ಹತ್ತಿರವಾಯಿತು, ದುಡ್ಡು ಹತ್ತಿರವಾಗಲಿಲ್ಲ. ವಾಣಿಜ್ಯ ಲೈಸೆನ್ಸ್‌ಗೆ ಬೇಕಾದ 200 ಗಂಟೆಯ ಹಾರಾಟಕ್ಕೆ ಇಂದು 40–50 ಲಕ್ಷ ರೂಪಾಯಿ ಆಗುತ್ತದೆ. ಏರ್‌ಬಸ್ ಅಥವಾ ಬೋಯಿಂಗ್ ಹಾರಿಸುವ ಪ್ರತ್ಯೇಕ ತರಬೇತಿಗೆ ಮತ್ತೆ ಹತ್ತಾರು ಲಕ್ಷ. ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆಗಳು ಒಂದು ಕೋಟಿಯ ಆಸುಪಾಸಿನವು. 60 ಲಕ್ಷ ಸಾಲವನ್ನು ಶೇ 11ರ ಬಡ್ಡಿಗೆ ಹತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು 82 ಸಾವಿರ ದಾಟುತ್ತದೆ. ಅಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಮನೆ ಹೊಲ ಅಡವಿಡಲು ಕೇಳುತ್ತದೆ. ಲೈಸೆನ್ಸ್ ಸಿಕ್ಕ ಕೂಡಲೆ ಕೆಲಸ ಸಿಗುತ್ತದೆಂಬ ಖಾತರಿಯೂ ಇಲ್ಲ. ಕಂಪನಿಗಳು ಮುಚ್ಚಿದ ವರ್ಷಗಳಲ್ಲಿ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತಿದ್ದರು, ಹೊಸಬರು ವರ್ಷಗಟ್ಟಲೆ ಕಾದರು, ಕೆಲವರು ಗಂಟೆ ಕೂಡಿಸಿಕೊಳ್ಳಲೆಂದು ಕಡಿಮೆ ಸಂಬಳಕ್ಕೆ ತರಬೇತುದಾರರಾದರು. ಇದರ ಮೇಲೆ ವೈದ್ಯಕೀಯ ಪರೀಕ್ಷೆಯ ಭಯ. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ನಡೆಯುವ ಪರೀಕ್ಷೆಯಲ್ಲಿ ಅನರ್ಹನಾದರೆ ಗಳಿಕೆ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಹಾಗಾಗಿ ದಣಿವಾಗಿದೆ, ನಿದ್ದೆ ಬರುತ್ತಿಲ್ಲ, ಮನಸ್ಸು ಸರಿಯಿಲ್ಲ ಎಂದು ಬಾಯಿ ಬಿಟ್ಟು ಹೇಳಲು ಯುವ ಪೈಲಟ್‌ಗಳು ಹೆದರುತ್ತಾರೆ.

2024–2025ರ ನಿಯಮ

2024ರ ಜನವರಿಯಲ್ಲಿ ಡಿಜಿಸಿಎ ವಿಶ್ರಾಂತಿ ನಿಯಮವನ್ನು ಮತ್ತೆ ತಿದ್ದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿಯ ಅವಧಿ ಬೆಳಗ್ಗೆ ಐದರ ಬದಲು ಆರು ಗಂಟೆಯವರೆಗೆ ಎಂದಾಯಿತು. ರಾತ್ರಿ ದುಡಿಮೆಯಲ್ಲಿ ಆರು ಬಾರಿ ಇಳಿಯಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಜೂನ್ 1ರಿಂದ ಜಾರಿಯಾಗಬೇಕಿದ್ದ ನಿಯಮ ಕಂಪನಿಗಳ ಒತ್ತಡಕ್ಕೆ ಮುಂದೆ ಹೋಯಿತು. ಪೈಲಟ್ ಸಂಘಗಳು ದಿಲ್ಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತದಲ್ಲಿ ಜಾರಿಗೆ ಬಂತು.

ತಯಾರಿಗೆ ಸುಮಾರು ಎರಡು ವರ್ಷ ಸಿಕ್ಕಿದ್ದರೂ ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೊ ಹೊಸ ನಿಯಮಕ್ಕೆ ಸಾಕಾಗುವಷ್ಟು ಪೈಲಟ್‌ಗಳನ್ನು ಅಣಿ ಮಾಡಿಕೊಂಡಿರಲಿಲ್ಲ. 2025ರ ಡಿಸೆಂಬರ್ ಮೊದಲ ವಾರ ಅದರ ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ರದ್ದಾಗಿ, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಜನ ಸೂಟ್‌ಕೇಸುಗಳ ನಡುವೆ ಕಾದು ಕೂತರು. ಡಿಜಿಸಿಎ ರಾತ್ರಿ ದುಡಿಮೆಯ ನಿಯಮಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಬಾರದೆಂಬ ಷರತ್ತನ್ನೂ ಹಿಂತೆಗೆದುಕೊಂಡಿತು. ಪೈಲಟ್ ಸಂಘಗಳು ಇದನ್ನು ವಿರೋಧಿಸಿದವು.