ವೃಷಭಾವತಿಯ ಜಲಾನಯನ ಮತ್ತು ಅದನ್ನು ಕಾಯ್ದವರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ಮಳೆ ದಿಣ್ಣೆಯ ಎರಡೂ ಮಗ್ಗುಲಿಗೆ ಇಳಿಯುತ್ತದೆ. ಪೂರ್ವಕ್ಕೆ ಹರಿದದ್ದು ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ಪಶ್ಚಿಮಕ್ಕೆ ಹರಿದದ್ದು ವೃಷಭಾವತಿಯಾಗಿ ಅರ್ಕಾವತಿಗೂ ಅಲ್ಲಿಂದ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೂ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ವೃಷಭಾವತಿ ಹುಟ್ಟುತ್ತದೆಂಬುದು ಜನರ ನಂಬಿಕೆ. ಕಾಡು ಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥವನ್ನೂ ಅದರ ಮೂಲಗಳಲ್ಲಿ ಎಣಿಸುವುದುಂಟು. ಮಳೆಯನ್ನೇ ನಂಬಿದ ಇಂಥ ಹೊಳೆಯ ಕಣಿವೆಯಲ್ಲಿ ನೀರನ್ನು ಕಾಯುವುದೆಂದರೆ ಹಾದಿಯುದ್ದಕ್ಕೂ ಕೆರೆ ಕಟ್ಟಿ, ಆ ಕೆರೆಗಳನ್ನು ಉಳಿಸಿಕೊಳ್ಳುವುದೇ ಆಗಿತ್ತು.

ಕೆರೆ ಕಟ್ಟುವ ರೂಢಿ ಈ ಸೀಮೆಯಲ್ಲಿ ಕೆಂಪೇಗೌಡರಿಗಿಂತ ಬಹಳ ಹಳೆಯದು. ಕೆರೆಗೆ ತೂಬು ಇಡಿಸಿದ ಸಂಗತಿಯನ್ನು 9ನೇ ಶತಮಾನದ ಅಗರದ ಶಾಸನವೇ ಹೇಳುತ್ತದೆ. ವೃಷಭಾವತಿಯ ಕಣಿವೆಯಲ್ಲಿ 16ನೇ ಶತಮಾನದಲ್ಲಿ ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳಾದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತಿತ್ತು. ಹೀಗಾಗಿ ಒಂದೂರಿನವರು ಕಾಲುವೆ ಮುಚ್ಚಿದರೆ ಕೆಳಗಿನ ಊರಿನ ಗದ್ದೆ ಒಣಗುತ್ತಿತ್ತು, ಏರಿ ಒಡೆದರೆ ಅದೇ ಊರು ಮುಳುಗುತ್ತಿತ್ತು. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಅದರ ಅಚ್ಚುಕಟ್ಟಿನಲ್ಲಿಯೇ ಭೂಮಿ ಬಿಟ್ಟುಕೊಡುವ ದಸವಂದ, ಕಟ್ಟುಕೊಡಿಗೆಗಳನ್ನು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಬಹುದು. ಕೆರೆ ತುಂಬಿದರೆ ಮಾತ್ರ ಆ ಭೂಮಿಗೆ ಬೆಲೆ. ಆದ್ದರಿಂದ ಪಡೆದವರ ಹಿತವೂ ಕೆರೆಯ ಹಿತವೂ ಒಂದೇ ಆಗಿದ್ದವು.

ದಿನದಿನದ ಕೆಲಸ ನೀರಗಂಟಿಯದು. ತೂಬು ಎತ್ತುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ತಿರುಗಾಡಿ ಸೋರಿಕೆ ಹುಡುಕುವುದು ಅವನ ಹೊಣೆ. ನೀರು ಕಡಿಮೆ ಬಿದ್ದ ವರ್ಷ ಯಾರ ಗದ್ದೆಗೆ ಎಷ್ಟೆಂಬ ಹಂಚಿಕೆಯಲ್ಲೂ ಅವನ ಮಾತಿಗೆ ತೂಕವಿತ್ತು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನ ಪಾಲಿನ ಧಾನ್ಯ ಬರುತ್ತಿತ್ತು. ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ದಲಿತರು. ಊರಿಡೀ ಅವರ ಎಚ್ಚರದ ಮೇಲೆ ನಿಂತಿದ್ದರೂ ಊರಿನೊಳಗೆ ಅವರಿಗೆ ಸಮನಾದ ಸ್ಥಾನವಿರಲಿಲ್ಲ. ಹಳೆಯ ವ್ಯವಸ್ಥೆಯನ್ನು ಹೊಗಳುವವರು ಇದನ್ನು ಮರೆಯಬಾರದು. ಬೇಸಿಗೆಯಲ್ಲಿ ರೈತರು ಹೂಳು ತೋಡಿ ಗಾಡಿಗಳಲ್ಲಿ ಹೊಲಕ್ಕೆ ಹೇರುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕೆರೆಗೆ ಆಳ ಉಳಿಯುತ್ತಿತ್ತು.

ಈ ನಂಟು ಸಡಿಲವಾದದ್ದು ನಲ್ಲಿಯ ನೀರು ಬಂದ ಮೇಲೆ. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ಒಂದೊಂದು ಯೋಜನೆಗೂ ಊರೊಳಗಿನ ಕೆರೆಯ ಅಗತ್ಯ ಕುಗ್ಗಿತು. ನಗರ ಬೆಳೆದಂತೆ ಅಚ್ಚುಕಟ್ಟು ಬಡಾವಣೆಯಾಯಿತು, ನೀರಗಂಟಿಗೆ ಪಾಲು ಕೊಡುವ ಕಣಗಳೇ ಇಲ್ಲವಾದವು. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ದೂರದಿಂದ ತಂದ ನೀರು ಬಳಕೆಯಾಗಿ ಹೊರಟದ್ದು ಇದೇ ಕಾಲುವೆಗಳಿಗೆ. ವೃಷಭಾವತಿ ಕೊಳಚೆ ಹೊರುವ ಮೋರಿಯಾಯಿತು.

ಜನರು ಮತ್ತೆ ಕೆರೆಯ ದಡಕ್ಕೆ ಬಂದದ್ದು ಬೇರೆ ಕಾರಣಗಳಿಗಾಗಿ. ಬೆಂಗಳೂರಿನ ಕೆರೆಗಳ ಉಳಿವಿಗೆಂದು 1980ರ ದಶಕದಲ್ಲಿ ಸರ್ಕಾರ ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸಿತು. 2010ರ ಹೊತ್ತಿಗೆ ಪುಟ್ಟೇನಹಳ್ಳಿ, ಕೈಕೊಂಡ್ರಹಳ್ಳಿಗಳಲ್ಲಿ ನಿವಾಸಿಗಳೇ ಮುಂದೆ ನಿಂತು ಪಾಲಿಕೆಯೊಡನೆ ಸೇರಿ ಕೆರೆಗಳಿಗೆ ಜೀವ ತುಂಬಿದರು. ಇವು ವೃಷಭಾವತಿಯ ಕಣಿವೆಯವಲ್ಲವಾದರೂ ಊರಿನ ಉಳಿದ ಭಾಗಗಳಿಗೆ ಮಾದರಿಯಾದವು. ಗಸ್ತು ತಿರುಗುವುದು, ಒತ್ತುವರಿಯ ಬಗ್ಗೆ ದೂರು ಕೊಡುವುದು, ಹಕ್ಕಿ ಎಣಿಸುವುದು ಇಂಥ ನಿವಾಸಿಗಳ ಸಂಘಗಳ ಕೆಲಸ. ಬೆಳೆಯ ಪಾಲಿನ ಜಾಗಕ್ಕೆ ವಂತಿಗೆ ಬಂದಿದೆ. ವೃಷಭಾವತಿಯ ಕಣಿವೆಯಲ್ಲಿ, ಅದನ್ನು ಸೇರುವ ತೊರೆಗಳಿರುವ ಜ್ಞಾನಭಾರತಿ ಆವರಣದಲ್ಲಿ ಜೈವಿಕ ಉದ್ಯಾನ ಬೆಳೆದಿದೆ.

ಆದರೆ ಒಂದು ಕೆರೆಗೆ ಬೇಲಿ ಹಾಕಿದಷ್ಟು ಸುಲಭವಾಗಿ ಹೊಳೆಗೆ ಹಾಕಲಾಗದು. ಬಿಡದಿಯ ಬಳಿಯ ಬೈರಮಂಗಲ ಜಲಾಶಯ 1940ರ ದಶಕದಲ್ಲಿ ನೀರಾವರಿಗೆಂದೇ ಆದದ್ದು. ಅದರ ಕೆಳಗಿನ ರೈತರು ಇಂದು ನಗರದ ಕೊಳಚೆ ಬೆರೆತ ನೀರಿನಲ್ಲಿಯೇ ಮೇವಿನ ಹುಲ್ಲು, ಹಿಪ್ಪುನೇರಳೆ ಬೆಳೆಯುತ್ತಾರೆ. ಮೇಲಿನ ಕೆರೆಯವರೂ ಕೆಳಗಿನ ಕೆರೆಯವರೂ ಪರಸ್ಪರ ಉತ್ತರ ಹೇಳಬೇಕಿದ್ದ ಹಳೆಯ ಏರ್ಪಾಡಿಗೆ ಸಾಟಿಯಾದದ್ದು ಬಸವನಗುಡಿಗೂ ಬೈರಮಂಗಲಕ್ಕೂ ನಡುವೆ ಇನ್ನೂ ಆಗಿಲ್ಲ.