ಮಲ್ಲಿಗೆಯಲ್ಲದ ಮಲ್ಲಿಗೆ: ಗಾರ್ಡೇನಿಯಾದ ಕಥೆ



ಯಾವುದೇ ಹೆಸರು ಕಿವಿಗೆ ಬಿದ್ದೊಡನೆ ಅದರ ಮೂಲವನ್ನು ಹುಡುಕುವುದು ಮೇಷ್ಟರುಗಳ ಹಳೆಯ ಚಾಳಿ. ನಿವೃತ್ತಿಯಾದ ಮಾತ್ರಕ್ಕೆ ಅದು ಬಿಡುವುದಿಲ್ಲ. 'ಗಾರ್ಡೇನಿಯಾ' ಎಂದರೆ 'ಗಾರ್ಡನ್', ಅಂದರೆ ತೋಟ ಎಂಬ ಪದದಿಂದ ಹುಟ್ಟಿದ ಹೆಸರೆಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ಅದು ಒಬ್ಬ ವೈದ್ಯನ ಮನೆತನದ ಹೆಸರು. ಆತ ಆ ಹೂವನ್ನು ಕಂಡುಹಿಡಿದವನೂ ಅಲ್ಲ, ಯುರೋಪಿಗೆ ತಂದವನೂ ಅಲ್ಲ. ಹೂವಿಗೂ ಅವನಿಗೂ ಗಂಟುಬಿದ್ದುದು ಸ್ನೇಹಿತನೊಬ್ಬನ ಹಟದಿಂದ.

ಹೂವಿನ ಪರಿಚಯ ಮೊದಲು ಆಗಲಿ. ಹೊಳಪುಳ್ಳ ದಟ್ಟ ಹಸಿರು ಎಲೆ. ಅರಳಿದಾಗ ಹಾಲುಬಿಳುಪು, ಬಾಡುತ್ತ ಬಂದಂತೆ ಬೆಣ್ಣೆಯ ಹಳದಿ. ಒಂದೇ ಹೂ ಕೋಣೆಯನ್ನೆಲ್ಲ ತುಂಬುವಷ್ಟು ಪರಿಮಳ. ನಮ್ಮಲ್ಲಿ ಕೆಲವರು ಇದನ್ನು ಗಂಧರಾಜ ಎನ್ನುತ್ತಾರೆ. ನಂದಿಬಟ್ಟಲೆಂದು ತಪ್ಪು ತಿಳಿಯುವವರೂ ಉಂಟು. ಒಂದು ಎಲೆಯನ್ನು ಕಿತ್ತು ನೋಡಿದರೆ ಸಂದೇಹ ತೀರುತ್ತದೆ: ನಂದಿಬಟ್ಟಲಿನಲ್ಲಿ ಬಿಳಿಯ ಹಾಲು ಒಸರುತ್ತದೆ, ಇದರಲ್ಲಿ ಇಲ್ಲ. ಗಾರ್ಡೇನಿಯಾ ಕಾಫಿಯ ಕುಟುಂಬಕ್ಕೆ ಸೇರಿದ್ದು. ನಮ್ಮ ಕುರುಚಲು ಕಾಡುಗಳ ಬಿಕ್ಕೆ ಗಿಡವೂ ಇದೇ ಕುಲದ್ದು. ಅದರ ಚಿಗುರಿನಲ್ಲಿ ಕಟ್ಟುವ ಅಂಟನ್ನು ಡಿಕ್ಕಮಲ್ಲಿಯೆಂದು ನಾಟಿ ಔಷಧಿಗೆ ಬಳಸುತ್ತ ಬಂದಿದ್ದಾರೆ. ಆದರೆ ನಾನು ಹೇಳಹೊರಟಿರುವುದು ಬಿಕ್ಕೆಯ ಚೀನೀ ದಾಯಾದಿಯ ಕಥೆ.

ಚೀನಾದ ದಕ್ಷಿಣ ಭಾಗ ಅದರ ತವರು. ಅಲ್ಲಿ ಅದನ್ನು ಬೆಳೆದದ್ದು ಹೂವಿಗಾಗಿ ಮಾತ್ರವಲ್ಲ, ಕಾಯಿಗಾಗಿಯೂ. ಕಾಯಿಯಿಂದ ಬಟ್ಟೆಗೆ ಹಾಕುವ ಹಳದಿ ಬಣ್ಣ ದೊರೆಯುತ್ತಿತ್ತು. ಕೇಸರಿಗೆ ಬಣ್ಣ ಕೊಡುವ ಕ್ರೋಸಿನ್ ಎಂಬ ದ್ರವ್ಯವೇ ಇದರಲ್ಲಿಯೂ ಇದೆಯೆಂಬುದು ಈಗ ತಿಳಿದಿದೆ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದ ಇತಿಹಾಸಕಾರ ಸಿಮಾ ಛಿಯೆನ್ ಧನಿಕರ ಸಂಪಾದನೆಯ ಮೂಲಗಳನ್ನು ಪಟ್ಟಿಮಾಡುವಾಗ, ಬಣ್ಣದ ಈ ಗಿಡವನ್ನು ಸಾವಿರ 'ಮು' ಬೆಳೆದವನ ವರಮಾನವನ್ನು ಸಾವಿರ ಮನೆಗಳ ಕಂದಾಯ ಪಡೆಯುವ ಪಾಳೆಯಗಾರನ ವರಮಾನಕ್ಕೆ ಸರಿಗಟ್ಟಿದ್ದಾನೆ. ಜಪಾನೀಯರು ಇದನ್ನು 'ಕುಚಿನಾಶಿ' ಎನ್ನುತ್ತಾರೆ. 'ಬಾಯಿಲ್ಲದ್ದು' ಎಂದು ಅರ್ಥ. ಕಾಯಿ ಹಣ್ಣಾದರೂ ಬಿರಿಯುವುದಿಲ್ಲವೆಂಬುದು ಅದಕ್ಕೆ ಕೊಡುವ ವಿವರಣೆ. ಅವರ ಮೂಲಂಗಿ ಉಪ್ಪಿನಕಾಯಿಯ ಹಳದಿಗೂ ಈ ಕಾಯನ್ನು ಬಳಸುವುದುಂಟು.

ಇಷ್ಟು ದೊಡ್ಡ ಚರಿತ್ರೆಯಿದ್ದ ಗಿಡ ಇಂಗ್ಲೆಂಡನ್ನು ತಲಪಿದಾಗ ಅದರ ಊರೇ ಬದಲಾಗಿತ್ತು. 1754ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ 'ಗೊಡಾಲ್ಫಿನ್' ಹಡಗಿನ ಕಪ್ತಾನ ಹಚಿನ್‌ಸನ್ ಭಾರತದಿಂದ ಮರಳುವಾಗ ಆಫ್ರಿಕದ ದಕ್ಷಿಣ ತುದಿಯ ಕೇಪಿನಲ್ಲಿ ತಂಗಿದ. ಅಲ್ಲಿ ಪರಿಮಳವನ್ನು ಅರಸಿ ಹೋಗಿ ಈ ಗಿಡವನ್ನು ಕಂಡನಂತೆ. ಅದನ್ನು ಬೇರುಸಹಿತ ಎತ್ತಿ ಹಡಗಿಗೆ ತಂದ. ಡಚ್ಚರ ವಸಾಹತಾಗಿದ್ದ ಕೇಪಿಗೆ ಪೂರ್ವದೇಶಗಳ ಹಡಗುಗಳೆಲ್ಲ ಬರುತ್ತಿದ್ದವು. ಗಿಡವೂ ಹಾಗೆಯೇ ಬಂದಿರಬೇಕು. ಆದರೆ ಇಂಗ್ಲಿಷರು ಅದನ್ನು 'ಕೇಪ್ ಜಾಸ್ಮಿನ್' ಎಂದು ಕರೆದುಬಿಟ್ಟರು. ಎರಡೇ ಪದ, ಎರಡೂ ತಪ್ಪು: ಅದು ಕೇಪಿನದೂ ಅಲ್ಲ, ಮಲ್ಲಿಗೆಯೂ ಅಲ್ಲ.

ಕಪ್ತಾನ ಗಿಡವನ್ನು ಒಪ್ಪಿಸಿದ್ದು ಲಂಡನ್ನಿನ ಬಳಿಯ ವುಡ್‌ಫರ್ಡಿನ ರಿಚರ್ಡ್ ವಾರ್ನರ್ ಎಂಬ ಸಸ್ಯಪ್ರಿಯನಿಗೆ. ಅವನ ಬಿಸಿಗಾಜಿನ ಮನೆಯಲ್ಲಿ ಅದು ಹೂ ಬಿಟ್ಟಿತು. ಹೂ ಬಿಟ್ಟರೂ ಕಡ್ಡಿ ನೆಟ್ಟರೆ ಬೇರು ಬರಲೊಲ್ಲದು. ಆ ಕೆಲಸ ಕೈಗೂಡಿದ್ದು ಮೈಲ್ ಎಂಡ್ ಎಂಬಲ್ಲಿ ನರ್ಸರಿ ನಡೆಸುತ್ತಿದ್ದ ಜೇಮ್ಸ್ ಗಾರ್ಡನ್ ಎಂಬವನಿಗೆ (ಇಂಗ್ಲಿಷಿನಲ್ಲಿ ಗೋರ್ಡನ್ ಎಂದು ಬರೆಯುವ ಹೆಸರು; ಮುಂದೆ ಬರುವ ವೈದ್ಯನೇ ಬೇರೆ). ಅವನು ಕಡ್ಡಿಗಳಿಂದ ಗಿಡ ಮಾಡಿ ಮಾರಿದ. ಶ್ರೀಮಂತರ ಗಾಜಿನ ಮನೆಗಳಿಗೆಲ್ಲ ಗಂಧರಾಜ ಹೋದದ್ದು ಈ ಒಬ್ಬನ ಕೈಗುಣದಿಂದ. ವಿದ್ವಾಂಸರ ಪತ್ರವ್ಯವಹಾರಕ್ಕೆ ಸಿಗುವ ಕೀರ್ತಿ ಇಂಥ ಕೈಗಳಿಗೆ ಸಿಗುವುದಿಲ್ಲವೆಂಬುದು ನನ್ನ ಹಳೆಯ ದೂರು.

ಇನ್ನು ಹೆಸರಿನ ವ್ಯಾಜ್ಯ. ಇದು ಮಲ್ಲಿಗೆಯಲ್ಲ, ಹೊಸ ಕುಲವೇ ಎಂದು ವಾದಿಸಿದವನು ಲಂಡನ್ನಿನ ವರ್ತಕ ಜಾನ್ ಎಲಿಸ್. ಹವಳ ಗಿಡವಲ್ಲ, ಪ್ರಾಣಿ ಎಂದು ತೋರಿಸಿದವನೂ ಇವನೇ. ಮಲ್ಲಿಗೆಗೆ ಕೇಸರಗಳು ಎರಡು. ಈ ಕುಲದ ಹೂವಿಗೆ ಸಾಮಾನ್ಯವಾಗಿ ಐದು ಅಥವಾ ಹೆಚ್ಚು. ಆದರೆ ವಾರ್ನರನ ಗಿಡ ಸುತ್ತುಸುತ್ತಿನ ಹೂವಿನದು. ಇಂಥ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿರುತ್ತವೆ, ಎಣಿಸುವುದು ಸುಲಭವಲ್ಲ. ಎಲಿಸ್ ಮೊದಲು ವಾರ್ನರನ ಹೆಸರನ್ನೇ ಇಡಬಯಸಿದ, ವಾರ್ನರ್ ಬೇಡವೆಂದ. ಆಗ ಅವನು ಸೂಚಿಸಿದ್ದು ಅಮೆರಿಕದ ಚಾರ್ಲ್ಸ್ ಟೌನಿನಲ್ಲಿದ್ದ ಗೆಳೆಯ, ಸ್ಕಾಟ್ಲೆಂಡಿನಿಂದ ವಲಸೆ ಹೋಗಿದ್ದ ವೈದ್ಯ ಅಲೆಗ್ಸಾಂಡರ್ ಗಾರ್ಡನನ ಹೆಸರನ್ನು. ಉಪ್ಸಾಲಾದಲ್ಲಿದ್ದ ಲಿನೇಯಸ್ ಒಡನೆಯೇ ಒಪ್ಪಲಿಲ್ಲ; ಎಲಿಸ್ ಬಿಡಲಿಲ್ಲ. 1760ರಲ್ಲಿ ರಾಯಲ್ ಸೊಸೈಟಿಯ ಮುಂದೆ ಹೆಸರು ಪ್ರಕಟವಾಯಿತು. ಶಾಸ್ತ್ರೀಯ ಹೆಸರಿನ ಎರಡನೆಯ ಭಾಗ 'ಜಾಸ್ಮಿನಾಯ್ಡಿಸ್', ಅಂದರೆ ಮಲ್ಲಿಗೆಯಂಥದ್ದು. ಮಲ್ಲಿಗೆಯಲ್ಲವೆಂದು ವಾದಿಸಿ ಗೆದ್ದವರೇ ಮಲ್ಲಿಗೆಯನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟರು!

ಆ ವೈದ್ಯ ಅಯೋಗ್ಯನೇನಲ್ಲ. ಕರೋಲಿನದ ಸೆಕೆಯಲ್ಲಿ ರೋಗಿಗಳನ್ನು ನೋಡುತ್ತಲೇ ಮೀನು, ಹಾವು, ಗಿಡಗಳನ್ನು ಸಂಗ್ರಹಿಸಿ ಲಂಡನ್ನಿಗೂ ಉಪ್ಸಾಲಾಕ್ಕೂ ಕಳುಹಿಸುತ್ತಿದ್ದ. ಅವನು ಕಳುಹಿಸಿದ ಸೈರನ್ ಎಂಬ ಎರಡೇ ಕಾಲಿನ ಉಭಯಚರಿಗಾಗಿ ಲಿನೇಯಸ್ ಹೊಸ ವರ್ಗವನ್ನೇ ಕಲ್ಪಿಸಬೇಕಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಗಾರ್ಡನ್ ದೊರೆಯ ಪಕ್ಷದವನಾಗಿದ್ದ. ಅವನ ಮಗ ಎದುರು ಪಕ್ಷದ ಸೈನ್ಯ ಸೇರಿದ. 1782ರಲ್ಲಿ ಬ್ರಿಟಿಷರು ಊರು ಬಿಟ್ಟಾಗ, ಮೂವತ್ತು ವರ್ಷ ದುಡಿದ ನೆಲದಿಂದ ತಂದೆಯೂ ಹೊರಡಬೇಕಾಯಿತು. ಆಸ್ತಿ ಮುಟ್ಟುಗೋಲಾಯಿತು. 1791ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನು ಬಿಟ್ಟುಬಂದ ಚಾರ್ಲ್ಸ್‌ಟನ್ನಿನ ಮನೆಯಂಗಳಗಳಲ್ಲಿ ಇಂದು ಗಾರ್ಡೇನಿಯಾ ಬಯಲಿನಲ್ಲಿಯೇ ಅರಳುತ್ತದೆ. ಅವನು ಕೊನೆಯುಸಿರೆಳೆದ ಊರಿನಲ್ಲಿ ಅದಕ್ಕೆ ಗಾಜಿನ ಆಸರೆ ಬೇಕು.

ಮುಂದಿನ ಶತಮಾನದಲ್ಲಿ ಗಾಜು ಅಗ್ಗವಾಯಿತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುಹಾಕಿತು. ಮಧ್ಯಮ ವರ್ಗದವರೂ ಗಾಜಿನ ಮನೆ ಕಟ್ಟಿಸತೊಡಗಿದರು. ಅದೇ ದಶಕದಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ಇನ್ನೂ ದೊಡ್ಡ ಹೂವಿನ ತಳಿಯನ್ನು ಕಳುಹಿಸಿದ. (ನಮ್ಮ ಲಾಲ್‌ಬಾಗಿನ ಗಾಜಿನ ಮನೆಯೂ ಆ ವ್ಯಾಮೋಹದ ಕೂಸೇ, ಆದರೆ ನಮಗೆ ಬಿಸಿಯನ್ನು ಕೂಡಿಡುವ ಅಗತ್ಯವಿಲ್ಲದ್ದರಿಂದ ಅದು ಪ್ರದರ್ಶನದ ಮಂಟಪವಾಯಿತು.) ಹೂ ಕೋಟಿನ ಗುಂಡಿಯ ಕಾಜಕ್ಕೆ ಏರಿತು, ಮುಡಿಗೂ ಏರಿತು. 1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡ್ಯಾನಿಯಲ್ ಮುಡಿದಿದ್ದದ್ದು ಇದನ್ನೇ. ಗಾಯಕಿ ಬಿಲಿ ಹಾಲಿಡೇಗೆ ಇದು ಗುರುತಿನ ಚಿಹ್ನೆಯೇ ಆಯಿತು.

ಚಳಿಯ ದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಇದನ್ನು ಕುಂಡದಲ್ಲಿ ಬೆಳೆಸುತ್ತಿದ್ದೀರಿ. ಮೊಗ್ಗು ಬರುತ್ತದೆ, ಅರಳುವ ಮುನ್ನ ಉದುರುತ್ತದೆ ಎಂಬುದು ಎಲ್ಲರ ದೂರು. ಉತ್ತರ ಅದರ ತವರಿನಲ್ಲಿಯೇ ಇದೆ. ದಕ್ಷಿಣ ಚೀನಾದ ಗಾಳಿ ತೇವದ್ದು, ಮಣ್ಣು ಹುಳಿಯದು. ಹೀಟರಿನ ಒಣಗಾಳಿಯಲ್ಲಿ ಮೊಗ್ಗು ನಿಲ್ಲದು. ಬೆಣಚುಕಲ್ಲು ಹರಡಿದ ತಟ್ಟೆಯಲ್ಲಿ ನೀರು ಹಾಕಿ, ಕುಂಡದ ಬುಡ ನೀರಿಗೆ ತಾಗದಂತೆ ಮೇಲಿಡಿ. ಹಗಲು ಕಿಟಕಿಯ ಒಳ್ಳೆಯ ಬೆಳಕು ಬೇಕು. ರಾತ್ರಿ ತಂಪಿರಬೇಕು: 16ರಿಂದ 18 ಡಿಗ್ರಿ ಸೆಲ್ಸಿಯಸ್. ರಾತ್ರಿಯೂ ಕೋಣೆ ಬೆಚ್ಚಗಿದ್ದರೆ ಎಲೆ ಚೆನ್ನಾಗಿ ಬರುತ್ತದೆ, ಮೊಗ್ಗು ಕಟ್ಟುವುದಿಲ್ಲ. ಮೊಗ್ಗು ಮೂಡಿದ ಮೇಲೆ ಕುಂಡವನ್ನು ಕೋಣೆಯಿಂದ ಕೋಣೆಗೆ ಹೊತ್ತು ತಿರುಗಬೇಡಿ. ಪ್ರೀತಿಯಿಂದ ದಿನವೂ ಜಾಗ ಬದಲಿಸುವವರ ಗಿಡವೇ ಹೆಚ್ಚು ಮೊಗ್ಗು ಉದುರಿಸುತ್ತದೆ.

ಬೆಂಗಳೂರು, ಮೈಸೂರುಗಳಲ್ಲಿ ಇರುವವರಿಗೆ ಚಳಿಯ ಕಾಟವಿಲ್ಲ, ನೀರಿನದೇ ಕಾಟ. ಕೊಳವೆಬಾವಿಯ ಗಡಸು ನೀರು ಮಣ್ಣಿನ ಹುಳಿಯನ್ನು ಕಳೆಯುತ್ತದೆ. ಗಿಡಕ್ಕೆ ಕಬ್ಬಿಣಾಂಶ ದಕ್ಕದೆ, ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ತಡಮಾಡಿದರೆ ಮುಂದಿನ ಸಲದ ಮೊಗ್ಗೂ ಕತ್ತರಿಗೆ ಸಿಗುತ್ತದೆ.